ಯಮನವ್ವನ ಸಹಿ

ಯಮನವ್ವನಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಅಂತ ತಿಳಿಯಲು ಬೆಟಗೇರಿಯ ಆ ಓಣಿಯವರು ಆಕೆಯ ಮುಖ ನೋಡಬೇಕಾಗಿರಲಿಲ್ಲ. ಮಗ್ಗದ ಸದ್ದು ಕೇಳಿದರೆ ಸಾಕಿತ್ತು. ಸಿಟ್ಟಿದ್ದಾಗ ಲಾಳಿ ಈ ಕಡೆಯಿಂದ ಆ ಕಡೆಗೆ ದಡಬಡ ಓಡುತ್ತಿತ್ತು. ಸಮಾಧಾನ ಇದ್ದಾಗ ನಡುನಡುವೆ ನಿಂತು, ಎಲೆಯಡಿಕೆ ಹಾಕಿಕೊಂಡು, ಹೋಗಿಬರುವವರನ್ನು ಮಾತಾಡಿಸಿಕೊಂಡು ಸಾಗುತ್ತಿತ್ತು. ಆ ಸೋಮವಾರ ಮಧ್ಯಾಹ್ನ ಮಾತ್ರ ಮಗ್ಗ ಒಮ್ಮೆಲೇ ನಿಂತುಬಿಟ್ಟಿತು. ಎದುರುಮನೆಯ ಮಂಜವ್ವ ಗಾಬರಿಯಾಗಿ ಓಡಿಬಂದಳು.

"ಯಾಕ ಯಮನಕ್ಕ, ಏನಾತು?"

"ಏನೂ ಆಗಿಲ್ಲ. ಧಾರವಾಡದಿಂದ ಬಾಯಾರು ಬಂದಾರ. ನಿಮ್ಮ ಮನಿ ಚಾಪಿ ಕೊಡು ಜಲ್ದಿ, ನಮ್ಮ ಚಾಪಿ ತುಂಬ ನೂಲು ಹರವೀನಿ."

ಬಂದವರು ಲಕ್ಷ್ಮೀದೇವಿ ಅಂತ. ಧಾರವಾಡದಲ್ಲಿ ಕೈಮಗ್ಗದ ಸೀರೆಗಳ ಅಂಗಡಿ ಇಟ್ಟವರು. ಯಾರದೋ ಮದುವೆಯಲ್ಲಿ ಯಮನವ್ವ ನೇಯ್ದ ಸೀರೆ ನೋಡಿ, ಕೇಳುತ್ತ ಕೇಳುತ್ತ ಓಣಿ ಹುಡುಕಿಕೊಂಡು ಬಂದಿದ್ದರು. ಮಂಜವ್ವನ ಚಾಪೆಯ ಮೇಲೆ ಕೂತು, ಸೊಸೆ ಅನ್ನಪೂರ್ಣ ಕೊಟ್ಟ ಚಹಾ ಕುಡಿಯುತ್ತ, ಸೀರೆಗಳನ್ನು ಹಿಂದುಮುಂದು ತಿರುವಿ ನೋಡಿದರು. ಒಳತುದಿಯಲ್ಲಿ, ಉಡುವಾಗ ಸೊಂಟಕ್ಕೆ ಸಿಗಿಸುವ ಕಡೆ, ಒಂದು ಸಣ್ಣ ಆಕಾರ ಕಂಡಿತು. ಸಾಲಾಗಿ ಮೂರು ಮೊನೆ, ನಡುವಿನ ಮೊನೆಯ ಮೇಲೆ ಒಂದು ಚುಕ್ಕಿ.

"ಇದೇನ್ರಿ ಇದು?"

"ಏನಿಲ್ಲ ಬಿಡ್ರಿ, ಗುರ್ತು. ಸಾವಕಾರನ ಹತ್ರ ನಾಕು ಮಂದೀದು ಮಾಲು ಹೋಗ್ತಿತ್ತಲ್ಲ, ನಂದು ಯಾವ್ದು ಅಂತ ತಿಳೀಲಿ ಅಂತ ಹಾಕ್ತಿದ್ವಿ. ಈಗ ಕೈ ತಾನ ಹಾಕಿಬಿಡ್ತೈತಿ."

ಲಕ್ಷ್ಮೀದೇವಿ ನಕ್ಕು ವಿಷಯಕ್ಕೆ ಬಂದರು. "ದೀಪಾವಳಿಗೆ ನಂಗ ಹನ್ನೆರಡು ಸೀರಿ ಬೇಕ್ರಿ. ಆದ್ರ ನಮ್ಮ ಅಂಗಡ್ಯಾಗ ಒಂದು ಪದ್ಧತಿ ಐತಿ. ಪ್ರತಿ ಸೀರಿಗೂ ನೇಯ್ದವರ ಹೆಸರಿನ ಚೀಟಿ ಕಟ್ತೀವಿ. ರೊಕ್ಕಾನೂ ಅವರ ಖಾತೆಗೇ ಹಾಕ್ತೀವಿ. ಹಿಂದಕ ನೇಯ್ದವರೊಬ್ಬರು, ಹೆಸರು ಹೊಡಕೊಂಡವರೊಬ್ಬರು ಆಗಿ ಜಗಳಾಗ್ಯಾವು. ಅದಕ್ಕ ಈ ಖಾತಾ ಇವರದ ಅಂತ ಬ್ಯಾಂಕಿನವರು ಬರೆದು ಶಿಕ್ಕಾ ಹಾಕಿದ ಪತ್ರ ಬೇಕು. ಪತ್ರದಾಗ ಯಾರ ಹೆಸರೋ ಚೀಟ್ಯಾಗೂ ಅವರ ಹೆಸರು. ಈ ತಿಂಗಳ ಕಡೀ ತಾರೀಖಿನೊಳಗ ಕೊಟ್ಟುಬಿಡ್ರಿ."

ಯಮನವ್ವ ಕೇಳಿದ್ದನ್ನೇ ಮತ್ತೊಮ್ಮೆ ಕೇಳಿದಳು. "ಸೀರಿ ಮ್ಯಾಲೆ ನನ್ನ ಹೆಸರು?"

"ನಿಮ್ಮದಲ್ಲದ ಮತ್ಯಾರದು?"

ನಲವತ್ತೆರಡು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಹೆಂಗಸು. ಆಕೆ ನೇಯ್ದ ಸೀರೆಗಳೆಲ್ಲ ಸಾವಕಾರನ ಅಂಗಡಿಯ ಹೆಸರು ಬರೆದ ಹಾಳೆಯಲ್ಲಿ ಸುತ್ತಿಕೊಂಡು ಊರೂರಿಗೆ ಹೋಗಿದ್ದವು. ಯಾವಳೂ ಒಂದು ದಿನವೂ ಯಾರು ನೇಯ್ದರು ಅಂತ ಕೇಳಿರಲಿಲ್ಲ. ಯಮನವ್ವನಿಗೆ ಎದೆ ತುಂಬಿ ಬಂತು. ಬಾಯಿಗೆ ಮಾತ್ರ ಬಂದದ್ದು ಬೇರೆ: "ಇನ್ನೊಂದು ಕಪ್ಪು ಚಹಾ ಕುಡೀರಿ. ನಮ್ಮ ಸೊಸಿ ಚಹಾಕ್ಕ ಸಕ್ರಿ ಕಮ್ಮಿ ಹಾಕ್ತಾಳ, ಈ ಸಲ ನಾ ನಿಂತು ಹಾಕಸ್ತೀನಿ."

"ಸಕ್ರಿ ಡಬ್ಬಿ ನಿಮ್ಮ ಟ್ರಂಕಿನ್ಯಾಗ ಇಟ್ಟು ಕೀಲಿ ಹಾಕಿದ್ರ ನಾ ಎಲ್ಲಿಂದ ಹಾಕ್ಲಿ ಅತ್ತೀ?" ಅಂದಳು ಅನ್ನಪೂರ್ಣ ಒಳಗಿನಿಂದ.

ಮರುದಿನ ಮೊಮ್ಮಗಳು ಪ್ರಿಯಾ ಅರ್ಜಿ ಬರೆಯಲು ಕೂತಳು. ಬಿ.ಕಾಂ. ಎರಡನೇ ವರ್ಷದ ಹುಡುಗಿ. ಕೊರೊನಾ ಕಾಲದಲ್ಲಿ ಶಾಲೆ ಕಾಲೇಜು ಮುಚ್ಚಿದ್ದಾಗ ಆಯಿಗೆ ಹೆಸರು ಬರೆಯಲು ಕಲಿಸಿದವಳೂ ಇವಳೇ. "'ಇವರಿಗೆ, ಶಾಖಾ ವ್ಯವಸ್ಥಾಪಕರು. ನನ್ನ ಉಳಿತಾಯ ಖಾತೆಯ ದೃಢೀಕರಣ ಪತ್ರ ನೀಡುವ ಕುರಿತು.' ಆಮ್ಯಾಲೆ ಖಾತಾ ನಂಬರು, ಯಾತಕ್ಕ ಬೇಕು ಅನ್ನೂದು, ಆಧಾರ್ ಜೋಡಿಸೀನಿ ಅನ್ನೂದು. ಕೆಳಗ ನಿನ್ನ ಸಹಿ."

"ನನ್ನ ಖಾತಾ ನಂದು ಅಂತ ಬರಕೊಡ್ರಿ ಅನ್ನಾಕ ಇಷ್ಟುದ್ದ ಯಾಕ?"

"ಹಂಗ ಬರದ್ರ ಬ್ಯಾಂಕಿನವರು ನಗ್ತಾರ ಆಯಿ."

"ನಕ್ಕರ ನಗಲಿ, ಪತ್ರ ಕೊಟ್ರಾತು."

ಯಮನವ್ವ ಮೂಗಿನ ತುದಿಗೆ ಕನ್ನಡಕ ಇಳಿಸಿ, ಒಂದೊಂದೇ ಅಕ್ಷರ ಕೂಡಿಸಿ, 'ಯಮನವ್ವ' ಅಂತ ಬರೆದಳು. ಬರೆದಾದ ಮೇಲೆ ಅದನ್ನು ಮಂಜವ್ವನಿಗೂ ತೋರಿಸಿ ಬಂದಳು.

ಬ್ಯಾಂಕಿನಲ್ಲಿ ಸೋಮೇಶ ಅಂತ ಒಬ್ಬ ಹುಡುಗ ಆಫೀಸರು. ಚಾಮರಾಜನಗರದ ಕಡೆಯವನು, ಬಂದು ಆರು ತಿಂಗಳಾಗಿತ್ತು. ಅರ್ಜಿ ತೆಗೆದುಕೊಂಡು ಕಂಪ್ಯೂಟರ್ ನೋಡಿದ, ಅರ್ಜಿ ನೋಡಿದ, ಮತ್ತೆ ಕಂಪ್ಯೂಟರ್ ನೋಡಿದ.

"ಅಜ್ಜಿ, ಸಹಿ ತಾಳೆ ಆಗ್ತಿಲ್ಲ."

"ನನ್ನ ಹೆಸರ ಅದು. ನನ್ನ ಕೈಲೇ ಬರದೀನಿ."

"ಅದು ಸರಿ ಅಜ್ಜಿ. ಖಾತೆ ತೆಗೆದಾಗ ನೀವು ಹಾಕಿದ ಸಹಿಯೇ ಬೇರೆ. ಅದೇ ಥರ ಹಾಕ್ಬೇಕು."

"ಹೆಂಗಿತ್ತು ತೋರಿಸು ನೋಡೂಣು."

"ಅದನ್ನ ತೋರ್ಸೋ ಹಾಗಿಲ್ಲ ಅಜ್ಜಿ. ತೋರ್ಸಿದ್ರೆ ಯಾರು ಬೇಕಾದ್ರೂ ನೋಡ್ಕೊಂಡು ಹಾಕ್ಬಿಡ್ತಾರೆ. ನೀವೇ ನೆನಪು ಮಾಡ್ಕೋಬೇಕು. ಇಲ್ಲಾಂದ್ರೆ ಸಹಿ ಬದಲಾಯಿಸೋಕೆ ಅರ್ಜಿ ಕೊಡಿ. ದೊಡ್ಡ ಕಚೇರಿಗೆ ಹೋಗಿ ಬರ್ಬೇಕು, ಐದಾರು ವಾರ ಆಗುತ್ತೆ."

ತಿಂಗಳ ಕಡೆಗೆ ಇಪ್ಪತ್ತೆರಡು ದಿನ ಉಳಿದಿದ್ದವು. ಇಷ್ಟು ದಿನ ಆಕೆಗೆ ಬ್ಯಾಂಕಿನಲ್ಲಿ ಸಹಿ ಮಾಡುವ ಪ್ರಸಂಗವೇ ಬಂದಿರಲಿಲ್ಲ. ಪಿಂಚಣಿ ಬಂದರೆ ಮೂಲೆಯ ಅಂಗಡಿಯ ಯಂತ್ರದ ಮೇಲೆ ಹೆಬ್ಬೆರಳು ಇಟ್ಟು ರೊಕ್ಕ ತೆಗೆದುಕೊಂಡು ಬರುತ್ತಿದ್ದಳು. ಖಾತೆ ತೆಗೆದದ್ದು ಪ್ರಿಯಾ ಹುಟ್ಟಿದ ವರ್ಷ. ಅವತ್ತು ಏನು ಬರೆದೆ ಅಂದರೆ ಶಿವನಾಣೆ ನೆನಪಿಲ್ಲ. ಆಗ ಆಕೆಗೆ ಬರೆಯಲೂ ಬರುತ್ತಿರಲಿಲ್ಲವಲ್ಲ!

ಅಂದು ಸಂಜೆ ಊಟಕ್ಕೆ ಕೂತಾಗ ಮಗ ಪ್ರಭುಲಿಂಗನಿಗೆ ಖಬರು ಮುಟ್ಟಿತು. ಅವನು ಗದಗಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಯಂತ್ರ ನಡೆಸುವವನು. ಮದುವೆಪತ್ರ, ಕ್ಯಾಲೆಂಡರು, ಶಾಲೆಯ ಪುಸ್ತಕ ಅಂತ ದಿನವಿಡೀ ಊರವರ ಹೆಸರು ಅಚ್ಚು ಹಾಕಿ ಮನೆಗೆ ಬರುತ್ತಿದ್ದ.

"ಅಷ್ಟೇನಾ? ನನ್ನ ಖಾತಾ ಕೊಡು. ನಾಳೆ ಒಂದ ತಾಸಿನ್ಯಾಗ ಪತ್ರ ತಂದುಕೊಡ್ತೀನಿ," ಅಂದ, ಬದನೆಕಾಯಿ ಪಲ್ಯಕ್ಕೆ ರೊಟ್ಟಿ ಮುರಿಯುತ್ತ.

"ಚೀಟ್ಯಾಗ ನಿನ್ನ ಹೆಸರು ಬರ್ತೈತಿ."

"ಬಂದ್ರೇನ ಯವ್ವಾ? ನನ್ನ ಹೆಸರಿದ್ರೇನ, ನಿನ್ನ ಹೆಸರಿದ್ರೇನ, ಸೀರಿ ಸೀರೀನ ಅಲ್ಲೇನ?"

ಯಮನವ್ವ ಕೈಯಲ್ಲಿದ್ದ ತುತ್ತು ತಾಟಿಗೆ ಹಾಕಿದಳು. "ಹಂಗಾದ್ರ ನಾಳಿಂದ ನೀ ಕುಣ್ಯಾಗ ಇಳಿ, ನಾ ಪ್ರೆಸ್ಸಿಗೆ ಹೋಗ್ತೀನಿ. ಯಾರು ಮಾಡಿದ್ರೇನ, ಕೆಲಸ ಕೆಲಸಾನ ಅಲ್ಲೇನ?"

ಪ್ರಿಯಾ ಕಿಸಕ್ಕನೆ ನಕ್ಕಳು. ಪ್ರಭುಲಿಂಗ ನಗಲಿಲ್ಲ.

"ನಗೂ ಮಾತಲ್ಲ ಇದು. ತಾರೀಖು ದಾಟಿದ್ರ ಆರ್ಡರ್ ಹೋತು. ಹನ್ನೆರಡು ಸೀರಿ ಅಂದ್ರ ಸಣ್ಣ ಮಾತಾ? ಅದೂ ಅಲ್ಲದ, ಪ್ರಭು ಮನ್ಯಾಗ ಇದ್ದೂ ಮುದುಕಿ ಬ್ಯಾಂಕಿಗೆ ಅಲದಾಡ್ತಾಳ ಅಂತ ಓಣಿ ಮಂದಿ ನನಗ ಅನ್ನೂದು."

"ಓಣಿ ಮಂದಿ ನಿಮಗ ಏನೂ ಅನ್ನಾಂಗಿಲ್ಲ," ಅಂದಳು ಅನ್ನಪೂರ್ಣ. ಹೊಂಬಳದ ರೈತರ ಮಗಳು, ಮಾತು ಕಮ್ಮಿ, ಆಡಿದರೆ ನೇರ. "ಅತ್ತಿ ನೇಯ್ದದ್ದಕ್ಕ ಅತ್ತಿ ಹೆಸರು. ಅಷ್ಟ."

"ನೀ ಸುಮ್ಕಿರು."

"ಆತ್ರಿ, ಸುಮ್ಕಿರ್ತೀನಿ."

ಅನ್ನಪೂರ್ಣ ಸುಮ್ಮನಿರುತ್ತೇನೆ ಅಂದರೆ ಏನರ್ಥ ಅಂತ ಪ್ರಭುಲಿಂಗನಿಗೆ ಮರುದಿನ ಗೊತ್ತಾಯಿತು. ಬುತ್ತಿ ಕಟ್ಟುವುದನ್ನು ಯಮನವ್ವ ಮಗ್ಗದಿಂದಲೇ ನೋಡುತ್ತಿದ್ದಳು. ಎರಡು ರೊಟ್ಟಿ, ಒಂದು ಉಳ್ಳಾಗಡ್ಡಿ. ಚಟ್ನಿ ಇಲ್ಲ, ಪಲ್ಯ ಇಲ್ಲ, ಮೊಸರಂತೂ ಕೇಳಲೇಬೇಡಿ. ಗುರುವಾರ ಎರಡು ರೊಟ್ಟಿ, ಅರ್ಧ ಉಳ್ಳಾಗಡ್ಡಿ. ಶುಕ್ರವಾರ ಪ್ರಭುಲಿಂಗ ಹೊರಡುವ ಮೊದಲೇ ಬುತ್ತಿ ಬಿಚ್ಚಿ ನೋಡಿ, "ಇವತ್ತು ಉಳ್ಳಾಗಡ್ಡೀನೂ ಇಲ್ಲೇನು?" ಅಂದ.

"ಉಳ್ಳಾಗಡ್ಡಿ ಇದ್ರೇನ, ಇಲ್ಲದಿದ್ರೇನ. ಊಟ ಊಟಾನ ಅಲ್ಲೇನ್ರಿ?" ಅಂದಳು ಅನ್ನಪೂರ್ಣ.

ಯಮನವ್ವ ನಗು ತಡೆಯಲಾರದೆ ಲಾಳಿ ಕೈಬಿಟ್ಟಳು. ಅದು ಕುಣಿಯೊಳಗೆ ಬಿತ್ತು. ಮಗನ ಮೇಲೆ ಒಂದಿಷ್ಟು ಕನಿಕರವೂ ಬಂತು. ಅವನು ಕೆಟ್ಟವನಲ್ಲ. ಅಪ್ಪ ತೀರಿಕೊಂಡಾಗಿನಿಂದ ಮನೆಯ ಎಲ್ಲ ಕಾಗದ ಅವನ ಹೆಸರಿನಲ್ಲೇ: ಕರೆಂಟಿನ ಬಿಲ್ಲು, ನಳದ ಬಿಲ್ಲು, ಗ್ಯಾಸು. ಇನ್ನೊಂದು ಕಾಗದ ಬಂದರೆ ಅದೂ ತನ್ನದೇ ಹೊರೆ ಅಂತ ಹೆಗಲು ಕೊಡುತ್ತಿದ್ದ. ಆದರೆ ಇದು ಹೊರೆ ಅಲ್ಲವಲ್ಲ. ಅದನ್ನು ಅವನಿಗೆ ಹೇಗೆ ಹೇಳುವುದು?

ಎರಡನೇ ವಾರ ಅಜ್ಜಿ ಮೊಮ್ಮಗಳು ಬ್ಯಾಂಕಿಗೆ ಮತ್ತೆ ಎರಡು ಸಲ ಹೋದರು. ಗಂಡನ ಹೆಸರು ಸೇರಿಸಿ ಬರೆದು ನೋಡಿದಳು. ಮನೆತನದ ಹೆಸರು ಸೇರಿಸಿ ಬರೆದು ನೋಡಿದಳು. ಹೆಬ್ಬೆಟ್ಟು ಇರಬೇಕು ಅಂತ ಮಂಜವ್ವ ಹೇಳಿದ್ದಕ್ಕೆ ಹೆಬ್ಬೆಟ್ಟನ್ನೂ ಒತ್ತಿದಳು. ಸೋಮೇಶ ಪಾಪ ಪ್ರತಿ ಸಲ ಕಂಪ್ಯೂಟರಿಗೆ ಮುಖ ಹತ್ತಿರ ಹಿಡಿದು ನೋಡಿ ತಲೆ ಅಲ್ಲಾಡಿಸುತ್ತಿದ್ದ.

"ಹತ್ರನೂ ಇಲ್ಲ ಅಜ್ಜಿ. ಹೆಬ್ಬೆಟ್ಟಂತೂ ಅಲ್ವೇ ಅಲ್ಲ. ಯಾರಾದ್ರೂ ಅವತ್ತು ನಿಮ್ಜೊತೆ ಬಂದಿದ್ರಾ? ಕೇಳಿ ನೋಡಿ."

ಬಂದಿದ್ದರಲ್ಲ! ನೇಕಾರರ ಸಂಘದವರು ಓಣಿಯ ಹೆಂಗಸರನ್ನೆಲ್ಲ ಒಂದೇ ದಿನ ಟೆಂಪೋದಲ್ಲಿ ಕರೆದುಕೊಂಡು ಹೋಗಿದ್ದರು. ಯಮನವ್ವನ ಬೆನ್ನಿಗೇ ನಿಂತಿದ್ದವಳು ಸುಗ್ರಾಬಿ. ಪಕ್ಕದ ಮನೆಯಲ್ಲೇ ಇದ್ದು, ಮೂವತ್ತು ವರ್ಷ ಇವಳ ಮಗ್ಗಕ್ಕೆ ನೂಲು ಸುತ್ತಿಕೊಟ್ಟವಳು. ಎರಡು ವರ್ಷದ ಹಿಂದೆ ಲಕ್ಷ್ಮೇಶ್ವರಕ್ಕೆ, ಮಗಳು ಮೋತಿಬಿಯ ಮನೆಗೆ ಹೋಗಿದ್ದಳು.

"ಫೋನ್ ಮಾಡೂಣು ಆಯಿ," ಅಂದಳು ಪ್ರಿಯಾ.

"ಫೋನಿನ್ಯಾಗ ಆಗೂ ಮಾತಲ್ಲ. ಬಸ್ಸು ಪುಕ್ಕಟೆ ಐತಿ. ನಾಳೆ ಹೋಗೂದ."

ಅನ್ನಪೂರ್ಣ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು. ಸುಗ್ರಾಬಿಗೆ ಅಂತ ಶೇಂಗಾ ಹೋಳಿಗೆ ಬೇರೆ. ಇದನ್ನೆಲ್ಲ ನೋಡುತ್ತ ಪ್ರಭುಲಿಂಗ ತನ್ನ ಬುತ್ತಿ ತೆಗೆದುಕೊಂಡು ಹೊರಟ. ಬಾಗಿಲಲ್ಲಿ ನಿಂತು, "ಜ್ವಾಕಿ ಹೋಗಿ ಬಾ ಯವ್ವಾ. ಕಿಡಕಿ ಹತ್ರ ಕುಂಡ್ರಬ್ಯಾಡ, ಗಾಳಿ ಬಡೀತೈತಿ," ಅಂದ. ಅಷ್ಟು ಅಂದದ್ದಕ್ಕೆ ಅನ್ನಪೂರ್ಣ ಒಳಗಿನಿಂದ ಬಂದು ಅವನ ಬುತ್ತಿಯಲ್ಲೂ ಒಂದು ಹೋಳಿಗೆ ಇಟ್ಟಳು.

ಲಕ್ಷ್ಮೇಶ್ವರದಲ್ಲಿ ಸುಗ್ರಾಬಿ ಇವರನ್ನು ಕಂಡವಳೇ ಬಯ್ಯಲು ಶುರು ಮಾಡಿದಳು. "ಎರಡು ವರ್ಷ ಆತಲೇ ಯಮನಿ! ಸತ್ತೀನೋ ಇದ್ದೀನೋ ನೋಡಾಕ ಬಂದಿಯೇನು?"

"ಇದ್ದೀ ಬಿಡು, ಬಾಯಿ ಜೋರು ಐತಿ."

ಇಬ್ಬರೂ ತಬ್ಬಿಕೊಂಡು ನಕ್ಕರು, ಅತ್ತರು, ಮತ್ತೆ ನಕ್ಕರು. ಹೋಳಿಗೆ ತಿನ್ನುತ್ತ ಬ್ಯಾಂಕಿನ ಕತೆ ಕೇಳಿದ ಸುಗ್ರಾಬಿ ತೊಡೆ ಬಡಿದುಕೊಂಡಳು.

"ಅಯ್ಯ, ನೆನಪಿಲ್ಲೇನ ನಿಂಗ? ನಮಗೆಲ್ಲಾ ಹೆಬ್ಬಟ್ಟಿಗೆ ಮಸಿ ಹಚ್ಚಿದ್ರು. ನೀ ಒಬ್ಬಾಕಿ ಕೈ ಹಿಂದಕ ಕಟಗೊಂಡು ನಿಂತಿ. ಮನ್ಯಾಗ ಹಾಲಬಣ್ಣದ ಸೀರಿ ಮಗ್ಗದಾಗ ಐತಿ, ಮಸಿ ಕೈಲೆ ಮುಟ್ಟಿದ್ರ ಕಲಿ ಬೀಳ್ತೈತಿ, ನಾ ಒಲ್ಲೆ ಅಂತ!"

ಯಮನವ್ವನಿಗೆ ಆ ಹಾಲುಬಣ್ಣದ ಸೀರೆ ಕಣ್ಣಮುಂದೆ ಬಂತು. ನರಗುಂದದ ಕಡೆಯ ಮದುವಣಗಿತ್ತಿಯದು. ಸಣ್ಣ ಕಲೆಯಾದರೂ ಸಾವಕಾರ ವಾಪಸ್ಸು ಒಗೆಯುತ್ತಿದ್ದ.

"ಖರೆ ಐತಿ! ಆಮ್ಯಾಲೆ ಏನ ಮಾಡ್ದೆ?"

"ಆ ಬ್ಯಾಂಕಿನಾಂವಗ ತಲಿ ಕೆಟ್ಟು, ಹಿಂದ ಇಷ್ಟು ಮಂದಿ ನಿಂತಾರ, ಪೆನ್ನು ಹಿಡಕೊಂಡು ಏನರ ಒಂದು ನಿನ್ನ ಗುರ್ತು ಹಾಕು ತಾಯಿ ಅಂದ. ನೀ ಏನೋ ಹಾಕಿದಿ, ಅಂವ ಮುಂದ ನೂಕಿದ. ಏನ ಹಾಕಿದ್ಯೋ ನಾ ನೋಡ್ಲಿಲ್ಲ."

ಅಷ್ಟರಲ್ಲಿ ಮೋತಿಬಿ ಒಳಗಿನಿಂದ ಗಿಳಿಹಸಿರು ಸೀರೆ ತಂದು ಮಡಿಲಿಗೆ ಹಾಕಿದಳು. "ನನ್ನ ಮದುವ್ಯಾಗ ನೀವು ಕೊಟ್ಟಿದ್ದು, ದೊಡ್ಡವ್ವ. ಇನ್ನೂ ಹೆಂಗ ಐತಿ ನೋಡ್ರಿ."

ಯಮನವ್ವ ಸೀರೆಯ ಬಣ್ಣ ನೋಡಲಿಲ್ಲ, ಸೆರಗು ನೋಡಲಿಲ್ಲ. ರೂಢಿಯಂತೆ ಕೈ ನೇರ ಒಳತುದಿಗೆ ಹೋಯಿತು. ಮೂರು ಮೊನೆ, ಒಂದು ಚುಕ್ಕಿ. ಹೆಬ್ಬೆರಳು ಅದರ ಮೇಲೆ ಆಡಿತು, ನಿಂತಿತು.

"ಏನರ ಒಂದು ನಿನ್ನ ಗುರ್ತು ಹಾಕು ಅಂದನಾ?"

"ಹೂಂ, ಹಂಗ ಅಂದ."

"ಅಯ್ಯ ನನ್ನ ಶಿವನ!" ಯಮನವ್ವ ಎದ್ದೇ ನಿಂತಳು. "ಪ್ರಿಯಾ, ಏಳು! ಗದಗಿನ ಬಸ್ಸು ಎಷ್ಟಕ್ಕ ಐತಿ?"

"ಬ್ಯಾಂಕು ಮುಚ್ಚತೈತಿ ಆಯಿ, ನಾಳೆ ಹೋಗೂಣು."

"ಊಟ ಮಾಡದ ಹೆಂಗ ಹೋಗ್ತಿ ನೋಡ್ತೀನಿ ನಾನೂ," ಅಂತ ಸುಗ್ರಾಬಿ ಬಾಗಿಲಿಗೆ ಅಡ್ಡ ಕೂತಳು. ಉಂಡು, ಹರಟೆ ಹೊಡೆದು, ಸಂಜೆ ಬಸ್ಸಿಗೆ ಬಂದರು. ಯಮನವ್ವ ದಾರಿಯುದ್ದಕ್ಕೂ ಕಿಟಕಿ ಹತ್ತಿರವೇ ಕೂತಿದ್ದಳು.

ಮರುದಿನ ಬ್ಯಾಂಕಿಗೆ ಇಡೀ ಮನೆಯೇ ಹೊರಟಿತು. ಪ್ರಭುಲಿಂಗ ಅರ್ಧ ದಿನ ರಜೆ ಹಾಕಿದ್ದ. "ನಾ ಬರೂದು ನೋಡಾಕ. ಆಗ್ಲಿಲ್ಲ ಅಂದ್ರ ನನ್ನ ಪಾಸ್‌ಬುಕ್ ಕಿಸೆದಾಗ ಐತಿ," ಅಂತ ಎಲ್ಲರಿಗೂ ಕೇಳುವಂತೆ ಹೇಳಿಯೇ ಹೊರಟ. ತಿಂಗಳು ಮುಗಿಯಲು ನಾಲ್ಕು ದಿನ ಇತ್ತು.

ಸೋಮೇಶ ಹೊಸ ಹಾಳೆ ಕೊಟ್ಟ. ಯಮನವ್ವ ಈ ಸಲ ಕನ್ನಡಕ ಹಾಕಿಕೊಳ್ಳಲೂ ಇಲ್ಲ. ಪೆನ್ನು ಹಿಡಿದು, ನೂಲು ಎತ್ತುವ ಹಾಗೆ, ಎಡದಿಂದ ಒಂದು ಮೊನೆ, ಎರಡು, ಮೂರು. ನಡುವೆ ಮೇಲೊಂದು ಚುಕ್ಕಿ. ಹಾಳೆ ಮುಂದಕ್ಕೆ ನೂಕಿದಳು.

ಸೋಮೇಶ ಹಾಳೆ ನೋಡಿದ. ಕಂಪ್ಯೂಟರ್ ನೋಡಿದ. ಕುರ್ಚಿ ಹಿಂದೆ ಸರಿಸಿ, "ಮೇಡಂ, ಸ್ವಲ್ಪ ಬನ್ನಿ ಇಲ್ಲಿ!" ಅಂತ ಮ್ಯಾನೇಜರನ್ನು ಕೂಗಿದ. ಆಮೇಲೆ ಯಮನವ್ವನ ಕಡೆ ತಿರುಗಿ ನಗತೊಡಗಿದ. "ಅಜ್ಜಿ, ನಾನು ಎರಡು ವಾರದಿಂದ ಇದನ್ನ ನೋಡಿ ನೋಡಿ, ಯಾರೋ ಪೆನ್ನು ಬರೀತದಾ ಅಂತ ಗೀಚಿ ನೋಡವ್ರೆ ಅಂದ್ಕೊಂಡಿದ್ದೆ ಕಣಜ್ಜಿ!"

ಮ್ಯಾನೇಜರಮ್ಮ ಬಂದು ನೋಡಿದರು. "ಇನ್ನೆರಡು ಸಲ ಹಾಕ್ರಿ ಅಮ್ಮಾ," ಅಂದರು.

"ಎರಡ್ಯಾಕ, ಇಪ್ಪತ್ತು ಸಲ ಹಾಕ್ತೀನಿ."

ಹಾಕಿದಳು. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಕೂದಲೆಳೆ ವ್ಯತ್ಯಾಸ ಇರಲಿಲ್ಲ. ಮ್ಯಾನೇಜರಮ್ಮ ಆಧಾರ್ ನೋಡಿ, ಖಾತೆ ನೋಡಿ, ತಲೆಯಾಡಿಸಿದರು. ಯಂತ್ರ ಕುರ್ ಕುರ್ ಅಂತ ಒಂದು ಹಾಳೆ ಹೊರಗೆ ಬಿಟ್ಟಿತು.

"ಓದಲೇ ಪ್ರಿಯಾ, ಜೋರಾಗಿ ಓದು."

ಸಾಲಿನಲ್ಲಿ ನಿಂತವರೆಲ್ಲ ಕಿವಿಗೊಟ್ಟರು. ಪ್ರಿಯಾ ಓದಿದಳು: "'ಮೇಲ್ಕಂಡ ಉಳಿತಾಯ ಖಾತೆಯು ನಮ್ಮ ಶಾಖೆಯಲ್ಲಿ ಶ್ರೀಮತಿ ಯಮನವ್ವ ಅವರ ಹೆಸರಿನಲ್ಲಿದ್ದು, ಚಾಲ್ತಿಯಲ್ಲಿದೆ ಎಂದು ಈ ಮೂಲಕ ದೃಢೀಕರಿಸಲಾಗಿದೆ. ಖಾತೆದಾರರ ಸಹಿಯನ್ನು ಕೆಳಗೆ ದೃಢೀಕರಿಸಿದೆ.'"

ಕೆಳಗೆ ಬಿಟ್ಟ ಜಾಗದಲ್ಲಿ ಯಮನವ್ವ ಗುರುತು ಹಾಕಿದಳು. ಅದರ ಮಗ್ಗುಲಿಗೆ ಮ್ಯಾನೇಜರಮ್ಮ ಸಹಿ ಮಾಡಿ ದುಂಡನೆಯ ನೀಲಿ ಶಿಕ್ಕಾ ಒತ್ತಿದರು. ಯಮನವ್ವ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡೇ ನೋಡಿದಳು.

"ಮುಟ್ಟಬ್ಯಾಡ ಯವ್ವಾ, ಮಸಿ ಹಸಿ ಐತಿ, ಕೈಗೆ ಹತ್ತತೈತಿ," ಅಂದ ಪ್ರಭುಲಿಂಗ.

"ಹತ್ತಲಿ ಬಿಡು ಇವತ್ತು," ಅಂದಳು ಯಮನವ್ವ.

ಹೊರಗೆ ಬಂದು ಪ್ರಭುಲಿಂಗ ಎಲ್ಲರಿಗೂ ಮಿರ್ಚಿ ಭಜಿ, ಚಹಾ ಕೊಡಿಸಿದ. ತನ್ನ ಭಜಿ ಕೈಯಲ್ಲೇ ಹಿಡಿದು ಅವ್ವನ ಮಗ್ಗುಲಿಗೆ ಬಂದ. "ಯವ್ವಾ, ದಿನಕ್ಕ ಸಾವಿರ ಮಂದಿ ಹೆಸರು ಅಚ್ಚು ಹಾಕ್ತೀನಿ. ನಿನ್ನ ಹೆಸರು ಒಂದು ಸಲಾನೂ ಹಾಕಿಲ್ಲ. ಆ ಬಾಯಾರಿಗೆ ಕೇಳು, ಚೀಟಿ ನಾನ ಅಚ್ಚು ಹಾಕಿಕೊಡ್ತೀನಿ."

ಯಮನವ್ವನ ಕಣ್ಣು ತುಂಬಿತು. "ಮಿರ್ಚಿ ಭಾಳ ಖಾರ ಐತಿ," ಅಂದಳು.

"ಇನ್ನೂ ಕಚ್ಚೇ ಇಲ್ಲಲ್ಲ ಅತ್ತೀ ನೀವು," ಅಂದಳು ಅನ್ನಪೂರ್ಣ. ಮರುದಿನ ಪ್ರಭುಲಿಂಗನ ಬುತ್ತಿಯಲ್ಲಿ ಎಣ್ಣೆಗಾಯಿ, ಮೊಸರು, ಹೋಳಿಗೆ ಎಲ್ಲ ಇದ್ದವು. ಉಳ್ಳಾಗಡ್ಡಿ ಎರಡಿದ್ದವು.

ಪತ್ರ ತಾರೀಖಿನೊಳಗೇ ಧಾರವಾಡಕ್ಕೆ ಮುಟ್ಟಿತು, ಲಕ್ಷ್ಮೀದೇವಿ ಚೀಟಿಗೂ ಒಪ್ಪಿದರು. ಎಂಟು ದಿನದಲ್ಲಿ ಚೀಟಿ ಬಂದವು. ದಪ್ಪ ಹಾಳೆ, ಕಂದುಬಣ್ಣದ ಅಕ್ಷರ: 'ನೇಯ್ದವರು: ಯಮನವ್ವ, ಬೆಟಗೇರಿ.' ಕೆಳಗೆ ಮೂರು ಮೊನೆ, ಒಂದು ಚುಕ್ಕಿ. ಹನ್ನೆರಡು ಬೇಕಿದ್ದಲ್ಲಿ ಪ್ರಭುಲಿಂಗ ಐನೂರು ಅಚ್ಚು ಹಾಕಿ ತಂದಿದ್ದ. "ಯಂತ್ರ ಒಮ್ಮೆ ಹತ್ತಿದ್ರ ನಿಲ್ಲಾಂಗಿಲ್ಲ ಯವ್ವಾ," ಅಂತ ಸಬೂಬು ಹೇಳಿದ. ಯಮನವ್ವ ಒಂದು ಚೀಟಿ ಮಂಜವ್ವನಿಗೆ ಕೊಟ್ಟಳು, ಒಂದು ಸುಗ್ರಾಬಿಗೆ ಅಂತ ಎತ್ತಿಟ್ಟಳು, ಒಂದನ್ನು ಸಕ್ಕರೆ ಡಬ್ಬಿಯ ಪಕ್ಕ ಟ್ರಂಕಿನಲ್ಲಿಟ್ಟಳು. ಟ್ರಂಕಿಗೆ ಕೀಲಿ ಹಾಕುವುದನ್ನು ಮರೆತಳು.

ಆಮೇಲೆ ಕುಣಿಗೆ ಇಳಿದಳು. ಮೊದಲನೆಯ ಸೀರೆ ಸೆರಗಿನವರೆಗೆ ಬಂದಿತ್ತು. ಅನ್ನಪೂರ್ಣ ನೂಲು ಸುತ್ತಿದ ಕಂಡಿಕೆ ಕೊಡಲು ಬಂದವಳು ಬಗ್ಗಿ ನೋಡಿ ಹುಬ್ಬೇರಿಸಿದಳು. ಹೆಗಲ ಮೇಲಿಂದ ಇಳಿದು ಎಲ್ಲರ ಕಣ್ಣಿಗೆ ಬೀಳುವ ಸೆರಗಿನ ನಟ್ಟನಡುವೆ, ಬಿಳಿ ನೂಲಿನಲ್ಲಿ ಮೂರು ಮೊನೆ ಎದ್ದಿದ್ದವು. ಚುಕ್ಕಿ ಒಂದು ಬಾಕಿ ಇತ್ತು.

"ಅತ್ತೀ, ಗುರ್ತು ಒಳಗಿರತಿತ್ತಲ್ರಿ? ಇದೇನು ಸೆರಗಿಗೇ ಬಂತು?"

"ಬ್ಯಾಂಕಿನವರ ಶಿಕ್ಕಾ ಬಿದ್ದೈತಿ ಯವ್ವಾ ಇದಕ್ಕ," ಅಂದಳು ಯಮನವ್ವ, ಚುಕ್ಕಿಗೆ ನೂಲು ಎತ್ತುತ್ತ. "ಇನ್ನ ಯಾಕ ಒಳಗ ಕುಂಡ್ರತೈತಿ?"